ಸೊಳ್ಳೆಗೂ ಲೆಕ್ಕ ಇಟ್ಟ ರಾಸ್ ಸಾಹೇಬರು

ಮಳೆಗಾಲ ಬಂತೆಂದರೆ ಕಾಸರಗೋಡಿನ ಕಡೆ ಆರೋಗ್ಯ ಇಲಾಖೆಯವರು ಮನೆ ಮನೆಗೆ ಬಂದು ಡ್ರಮ್ಮು, ಟಯರು, ಗೆರಟೆ ಬಗ್ಗಿ ನೋಡಿ ಬರೆದುಕೊಳ್ಳುತ್ತಾರೆ. ಸೊಳ್ಳೆಮರಿಗೂ ಲೆಕ್ಕವೇ ಅಂತ ನಗುವವರುಂಟು. ಈ ಲೆಕ್ಕಕ್ಕೆ ಬುನಾದಿ ಹಾಕಿದ ಸರ್ ರೊನಾಲ್ಡ್ ರಾಸ್ ಅವರ ಕಥೆ ಕೇಳಿದರೆ ಯಾರೂ ನಗಲಾರರು.

ರಾಸ್ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ಅಲ್ಮೋರಾದಲ್ಲಿ. ಮನಸ್ಸೆಲ್ಲ ಕವಿತೆಯ ಮೇಲೆ. ಡಾಕ್ಟರಾದದ್ದು ತಂದೆಯ ಹಟಕ್ಕೆ. 1883ರಲ್ಲಿ ಬೆಂಗಳೂರು ದಂಡಿನಲ್ಲಿದ್ದಾಗ ಬಂಗಲೆಯಲ್ಲಿ ಸೊಳ್ಳೆಕಾಟ. ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿ ಕಂಡು ಅದನ್ನು ಬೋರಲು ಹಾಕಿದರು. ಕಾಟ ತಗ್ಗಿತು. ಸೊಳ್ಳೆಯೇ ಮಲೇರಿಯಾ ತರುತ್ತದೆಂದು ಆಗಿನ್ನೂ ಅವರಿಗೂ ಗೊತ್ತಿರಲಿಲ್ಲ.

ಗುಟ್ಟು ಸಿಕ್ಕಿದ್ದು ತೆಲುಗು ನೆಲದಲ್ಲಿ. ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಒಂದು ಕಡಿತಕ್ಕೆ ಒಂದಾಣೆ ಕೊಟ್ಟು ಸೊಳ್ಳೆ ಕಚ್ಚಿಸಿದರು. 1897ರ ಆಗಸ್ಟ್ 20ರಂದು ಅಂಥ ಒಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆ ಸೀಳಿದಾಗ ಮಲೇರಿಯಾದ ಕುರುಹು ಕಂಡಿತು. ಆ ಸಂತೋಷಕ್ಕೆ ಪದ್ಯವನ್ನೂ ಬರೆದರು. ಕನ್ನಡ, ತೆಲುಗು ಎರಡರಲ್ಲೂ ಪದ್ಯ ಕಟ್ಟುವ ನನಗೆ ಅವರು ಹತ್ತಿರವಾದದ್ದು ಅಲ್ಲೇ. 1902ರಲ್ಲಿ ನೊಬೆಲ್ ಬಂತು.

ಬಹುಮಾನಕ್ಕಿಂತ ದೊಡ್ಡದು ಮುಂದಿನ ಕೆಲಸ. ಮಾರಿಷಸ್ ದ್ವೀಪದಲ್ಲಿ ಮಲೇರಿಯಾ ನೋಡಿಬಂದು 1908ರಲ್ಲಿ ವರದಿ ಕೊಟ್ಟರು. ಗಣಿತ ಹಾಕಿ ಒಂದು ಮಾತು ತೋರಿಸಿದರು. ಊರಿನ ಸೊಳ್ಳೆಯೆಲ್ಲ ಸಾಯಬೇಕಾಗಿಲ್ಲ. ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಮಲೇರಿಯಾ ತಾನಾಗಿ ಕುಗ್ಗುತ್ತದೆ. ಎಣಿಸದೆ ಮಟ್ಟ ತಿಳಿಯುವುದು ಹೇಗೆ? ಅಂಗಡಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1932ರಲ್ಲಿ ರಾಸ್ ತೀರಿಕೊಂಡರು. ಎಣಿಕೆ ನಿಂತಿಲ್ಲ. ಡೆಂಗಿ ತರುವ ಸೊಳ್ಳೆಯ ಜಾತಿ ಬೇರೆ, ಹಗಲು ಕಚ್ಚುವಂಥದ್ದು. ಅದರ ಮೇಲೂ ಹೀಗೇ ಕಣ್ಣಿಡುತ್ತಾರೆ. ನೂರು ಮನೆ ನೋಡಿ ಹತ್ತರಲ್ಲಿ ಮರಿ ಸಿಕ್ಕರೆ ಸೂಚಿ 10. ಅದು ಏರಿದರೆ, ಜ್ವರ ಬರುವ ಮೊದಲೇ ಎಚ್ಚರಿಕೆ ಸಿಕ್ಕಂತೆ.

ಈ ಸೊಳ್ಳೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಗೆರಟೆಯ ನೀರೇ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ಇಲಾಖೆಯವರು ವರ್ಷಕ್ಕೆ ಕೆಲವು ಸಲ ಬಂದಾರು. ಉಳಿದ ವಾರಗಳ ಲೆಕ್ಕ ನಮ್ಮದೇ.