ವಾಲ್ಟರ್ ನೆರ್ನ್‌ಸ್ಟ್: ಅಯಾನುಗಳ ನಡೆಯನ್ನು ಅಳೆದವರು

ಇಂದು ಪೋಲೆಂಡಿಗೆ ಸೇರಿರುವ ಬ್ರೀಸನ್ ಎಂಬ ಊರಿನಲ್ಲಿ 1864ರ ಜೂನ್ 25ರಂದು ವಾಲ್ಟರ್ ನೆರ್ನ್‌ಸ್ಟ್ ಜನಿಸಿದರು. ತಂದೆ ನ್ಯಾಯಾಧೀಶರು. ವ್ಯುರ್ಟ್ಸ್‌ಬುರ್ಗ್‌ನಲ್ಲಿ ಡಾಕ್ಟರೇಟ್ ಪಡೆದ ಬಳಿಕ ಅವರು ಲೈಪ್ಜಿಗ್‌ನ ಓಸ್ಟ್‌ವಾಲ್ಡ್ ಅವರ ಪ್ರಯೋಗಶಾಲೆಯನ್ನು ಸೇರಿದರು.

ದ್ರಾವಣದಲ್ಲಿ ವಿದ್ಯುದಂಶ ಹೊತ್ತ ಕಣಗಳೇ ಅಯಾನುಗಳು. ಸಾಂದ್ರತೆ ಹೆಚ್ಚಿರುವೆಡೆಯಿಂದ ಕಡಿಮೆಯಿರುವೆಡೆಗೆ ಹರಡುವುದು ಅವುಗಳ ಸ್ವಭಾವ. ಆದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೈಡ್ರೋಜನ್ ಅಯಾನು ವೇಗಶಾಲಿ, ಕ್ಲೋರೈಡ್ ನಿಧಾನಿ. ಮೊದಲನೆಯದು ಮುಂದೋಡಿದೊಡನೆ ವಿದ್ಯುದಾಕರ್ಷಣೆ ಅದನ್ನು ಹಿಂದಕ್ಕೂ ಜೊತೆಗಾರನನ್ನು ಮುಂದಕ್ಕೂ ಸೆಳೆಯುತ್ತದೆ. ಈ ಎರಡು ಪ್ರೇರಣೆಗಳನ್ನು ನೆರ್ನ್‌ಸ್ಟ್ 1888ರಲ್ಲಿ ಒಂದೇ ಲೆಕ್ಕದಲ್ಲಿ ಕೂಡಿಸಿದರು. 1890ರಲ್ಲಿ ಪ್ಲಾಂಕ್ ಅದನ್ನು ವಿಸ್ತರಿಸಿದರು. ಇಬ್ಬರ ಹೆಸರೂ ಆ ಸಮೀಕರಣಕ್ಕೆ ಸಂದಿತು.

ಮುಂದೆ ಗ್ಯೊಟಿಂಗೆನ್‌ನಲ್ಲಿ ಅವರು ಪ್ರಾಧ್ಯಾಪಕರಾದರು. ಆಕ್ಸೈಡ್ ಕಡ್ಡಿಯ ಮೂಲಕ ಅಯಾನುಗಳು ಚಲಿಸಿ ಬೆಳಗುವ ದೀಪವೊಂದನ್ನು ರಚಿಸಿ, ಅದರ ಹಕ್ಕನ್ನು ಭಾರಿ ಮೊತ್ತಕ್ಕೆ ಮಾರಿದರು. ವಿದ್ವಾಂಸನಿಗೆ ವ್ಯವಹಾರಜ್ಞಾನ ಇರಬಾರದೆಂಬ ನಿಯಮವೇನೂ ಇಲ್ಲವಷ್ಟೆ! ಉಷ್ಣರಸಾಯನ ಶಾಸ್ತ್ರದ ಸಾಧನೆಗೆ 1920ರ ನೊಬೆಲ್ ಪಾರಿತೋಷಕವೂ ದೊರೆಯಿತು.

ಆ ಕೀರ್ತಿಯ ಬೆನ್ನಿಗೆ ಕತ್ತಲೂ ಇತ್ತು. ಮೊದಲ ಮಹಾಯುದ್ಧದಲ್ಲಿ ಅವರು ರಾಸಾಯನಿಕ ಅಸ್ತ್ರಗಳ ಸಂಶೋಧನೆಗೆ ಕೈಹಾಕಿದರು. ಚರಿತ್ರೆ ಬರೆಯುವವರು ಇದನ್ನು ಮರೆಮಾಚಲಾಗದು. ಅದೇ ಯುದ್ಧ ಅವರ ಇಬ್ಬರು ಪುತ್ರರನ್ನೂ ಬಲಿತೆಗೆದುಕೊಂಡಿತು. ನಾಜಿಗಳ ಕಾಲದಲ್ಲಿ, ಯಹೂದ್ಯರನ್ನು ವರಿಸಿದ್ದ ಇಬ್ಬರು ಪುತ್ರಿಯರು ದೇಶ ತೊರೆದರು. 1933ರಲ್ಲಿ ನಿವೃತ್ತರಾದ ನೆರ್ನ್‌ಸ್ಟ್, ತ್ಸಿಬೆಲ್ಲೆಯ ತಮ್ಮ ಎಸ್ಟೇಟಿನಲ್ಲಿ 1941ರ ನವೆಂಬರ್ 18ರಂದು ತೀರಿಕೊಂಡರು.

ಅವರ ಸಮೀಕರಣ ಹುಟ್ಟಿದ್ದು ಪಾತ್ರೆಯಲ್ಲಿನ ದ್ರಾವಣಕ್ಕಾಗಿ. ಜೀವಕೋಶದ ಪೊರೆಯಲ್ಲಿರುವ ಅತಿಸೂಕ್ಷ್ಮ ರಂಧ್ರಗಳಿಗೂ ಅದು ಸಲ್ಲುವುದೇ? ಪೊಟ್ಯಾಸಿಯಂ ರಂಧ್ರವೊಂದರ ರಚನೆಯನ್ನು ಮ್ಯಾಕಿನನ್ ತಂಡ 1998ರಲ್ಲಿ ಪ್ರಕಟಿಸಿತು. ಅದರ ಅತಿ ಕಿರಿದಾದ ಭಾಗದ ಉದ್ದ ಸುಮಾರು 12 ಆಂಗ್‌ಸ್ಟ್ರಾಮ್, ಮಿಲಿಮೀಟರಿನ 10 ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಅಲ್ಲಿ ಅಯಾನುಗಳು ತಮ್ಮನ್ನು ಸುತ್ತಿದ ನೀರನ್ನು ಕಳಚಿ, ಒಂದರ ಹಿಂದೊಂದು ಸಾಲಾಗಿ, ಹಿಂದಿನದು ಮುಂದಿನದನ್ನು ನೂಕುತ್ತ ಸಾಗುತ್ತವೆ. ಅಯಾನುಗಳನ್ನು ಬಿಡಿಬಿಡಿಯಾಗಿ ನೋಡದೆ ಅಖಂಡ ಪ್ರವಾಹವಾಗಿ ಎಣಿಸುವ ಆ ಹಳೆಯ ಸೂತ್ರ ಇಲ್ಲಿ ಸೋಲುತ್ತದೆ. ಆದಕಾರಣ ಸಂಶೋಧಕರು ಗಣಕಯಂತ್ರದಲ್ಲಿ ಪ್ರತಿ ಪರಮಾಣುವಿನ ಮೇಲಿನ ಬಲವನ್ನೂ ಲೆಕ್ಕಹಾಕಿ, ಒಂದೆರಡು ಫೆಮ್ಟೊಸೆಕೆಂಡಿಗೊಂದು ಹೆಜ್ಜೆಯಂತೆ ಅದರ ಚಲನೆಯನ್ನು ಅನುಸರಿಸುತ್ತಾರೆ. ರಂಧ್ರ ತಕ್ಕಷ್ಟು ಅಗಲವಾಗಿದ್ದರೆ ಇಷ್ಟು ಶ್ರಮ ಬೇಡ. ನೆರ್ನ್‌ಸ್ಟ್–ಪ್ಲಾಂಕ್ ಸಮೀಕರಣವೇ ಸಾಕಾಗುತ್ತದೆ.

ನೆರ್ನ್‌ಸ್ಟ್ ಅವರ ಅವಶೇಷಗಳನ್ನು ತರುವಾಯ ಗ್ಯೊಟಿಂಗೆನ್‌ಗೆ ತರಲಾಯಿತು. ಪ್ಲಾಂಕ್ ಅವರ ಸಮಾಧಿಯೂ ಅದೇ ರುದ್ರಭೂಮಿಯಲ್ಲಿದೆ.