ಸಾಂಟಿಯಾಗೊ ರಾಮೋನ್ ಇ ಕಹಾಲ್
ಸಾಂಟಿಯಾಗೊ ರಾಮೋನ್ ಇ ಕಹಾಲ್ (1 ಮೇ 1852 – 17 ಅಕ್ಟೋಬರ್ 1934) ಸ್ಪೇನ್ ದೇಶದ ನರವಿಜ್ಞಾನಿ. 1873ರಲ್ಲಿ ವೈದ್ಯಕೀಯ ಪದವಿ ಪಡೆದ ಇವರು ವೆಲೆನ್ಸಿಯಾ, ಬಾರ್ಸಿಲೋನಾ ಹಾಗೂ ಮ್ಯಾಡ್ರಿಡ್‌ಗಳಲ್ಲಿ ಪ್ರಾಧ್ಯಾಪಕರಾಗಿದ್ದರು.

ನರಮಂಡಲವು ಅವಿಚ್ಛಿನ್ನವಾದ ಒಂದೇ ಬಲೆ ಎಂಬ ಅಭಿಪ್ರಾಯ ಆ ಕಾಲದಲ್ಲಿ ಪ್ರಬಲವಾಗಿತ್ತು. ಕಾಮಿಲ್ಲೊ ಗಾಲ್ಜಿಯವರ ಬೆಳ್ಳಿಲವಣದ ವರ್ಣಲೇಪನ ವಿಧಾನವನ್ನು ಸುಧಾರಿಸಿದ ಕಹಾಲ್, ಭ್ರೂಣಗಳ ಅಂಗಾಂಶವನ್ನು ಆಯ್ದುಕೊಂಡರು. ಅಲ್ಲಿ ನರತಂತುಗಳಿಗೆ ಮಯಲಿನ್ ಹೊದಿಕೆ ಇನ್ನೂ ಮೂಡಿರದ ಕಾರಣ ಕೋಶಗಳು ಸ್ಪಷ್ಟವಾಗಿ ಕಾಣುತ್ತಿದ್ದವು. 1888ರಲ್ಲಿ ಹಕ್ಕಿಗಳ ಕಿರುಮೆದುಳಿನ ಅಧ್ಯಯನದ ಆಧಾರದಿಂದ ನರಕೋಶಗಳು ಪ್ರತ್ಯೇಕ ಘಟಕಗಳೆಂದು ಪ್ರತಿಪಾದಿಸಿದರು. 1890ರಲ್ಲಿ ಕೋಳಿಯ ಭ್ರೂಣದಲ್ಲಿ, ಬೆಳೆಯುವ ನರತಂತುವಿನ ತುದಿಯಲ್ಲಿರುವ ಬೆಳವಣಿಗೆಯ ಶಂಕುವನ್ನು ವಿವರಿಸಿದರು.

1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಗಾಲ್ಜಿ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೂ ನರಕೋಶ ಸಿದ್ಧಾಂತವನ್ನು ವಿರೋಧಿಸಿದರು. ವಯಸ್ಕ ಮೆದುಳಿನಲ್ಲಿ ನರಕೋಶಗಳು ಮರುಹುಟ್ಟು ಪಡೆಯುವುದಿಲ್ಲವೆಂಬ ಕಹಾಲರ ನಿಲುವನ್ನು ಮಾತ್ರ, 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಇಲಿಗಳ ಮೇಲೆ ನಡೆಸಿದ ಸಂಶೋಧನೆಯು ಪ್ರಶ್ನಿಸಿತು.