ಫಲಕದ ಮೇಲೆ ಸಿರಿಯ ಹೆಸರು

ಮನೆಯಿಂದಲೇ ಸೀರೆ ವ್ಯಾಪಾರ ಶುರುಮಾಡುತ್ತಿರುವ ನನ್ನ ಅತ್ತಿಗೆ, ಅಣ್ಣನ ಹೆಸರಿನಲ್ಲೇ ಬೋರ್ಡು ಬರೆಸುತ್ತೇನೆ ಎಂದಾಗ ನನಗೆ ನೆನಪಾದವರು ಲಂಡನ್ನಿನ ಗೃಹಾಲಂಕಾರಕಿ ಸಿರಿ ಮಾಮ್.

ಹೆಸರು ಕೇಳಲು ನಮ್ಮ ಕನ್ನಡದ ಸಿರಿಯೇ! 1879ರಲ್ಲಿ ಹುಟ್ಟಿದ ಇವರು, ಅನಾಥ ಮಕ್ಕಳಿಗೆ ಆಶ್ರಯಧಾಮಗಳನ್ನು ಕಟ್ಟಿದ ಥಾಮಸ್ ಬರ್ನಾರ್ಡೊ ಅವರ ಮಗಳು. ಮೊದಲ ಪತಿ ಔಷಧೋದ್ಯಮಿ ಹೆನ್ರಿ ವೆಲ್ಕಮ್, ಎರಡನೆಯವರು ಕಾದಂಬರಿಕಾರ ಸಾಮರ್‌ಸೆಟ್ ಮಾಮ್. ಎರಡೂ ಮದುವೆಗಳು ಮುರಿದುಬಿದ್ದವು. ಆ ಮೂವರೂ ಹೆಸರಾಂತರು; ಇವರಿಗೆ ಮಾತ್ರ ಯಾರದೋ ಮಗಳು, ಯಾರದೋ ಹೆಂಡತಿ ಎಂಬ ಗುರುತು.

1922ರಲ್ಲಿ, ನಲವತ್ತು ದಾಟಿದ ಮೇಲೆ, ಬೇಕರ್ ಸ್ಟ್ರೀಟ್‌ನಲ್ಲಿ ಸಿರಿ ಎಂಬ ಹೆಸರಿನಲ್ಲೇ ಅಂಗಡಿ ತೆರೆದರು. ಹಳೆಯ ಕಂದು ಮೇಜು-ಕುರ್ಚಿಗಳ ಪಾಲಿಶ್ ತೆಗೆಸಿ, ತಿಳಿ ಬಣ್ಣ ಕೊಡಿಸಿ ಮಾರಿದರು. 1927ರಲ್ಲಿ ಚೆಲ್ಸಿಯ ತಮ್ಮ ಮನೆಯ ಹಾಲನ್ನು ಬಿಳಿಯ ಹಲವು ಛಾಯೆಗಳಲ್ಲೇ ಸಿಂಗರಿಸಿದರು. ಬಿಳಿ ಕೋಣೆ ಶ್ರೀಮಂತರ ಫ್ಯಾಷನ್ ಆಯಿತು, ಅಮೆರಿಕದಲ್ಲೂ ಅಂಗಡಿಗಳಾದವು.

1955ರಲ್ಲಿ ಸಿರಿ ತೀರಿಕೊಂಡರು. ಏಳು ವರ್ಷಗಳ ನಂತರ ಮಾಮ್ ತಮ್ಮ ನೆನಪುಗಳಲ್ಲಿ ಇವರನ್ನು ಹಳಿದು ಬರೆದರು. ಉತ್ತರಿಸಲು ಇವರಿರಲಿಲ್ಲ. ಆದರೂ ಗೃಹಾಲಂಕಾರದ ಚರಿತ್ರೆಯಲ್ಲಿ ಬಿಳಿ ಕೋಣೆ ಎಂದರೆ ಇಂದಿಗೂ ಮೊದಲು ಬರುವುದು ಸಿರಿಯ ಹೆಸರೇ.

ಇಷ್ಟನ್ನೂ ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಮೊನ್ನೆ ಬೋರ್ಡಿನ ಫೋಟೊ ಕಳಿಸಿದ್ದಾರೆ, ಅದರ ಮೇಲಿರುವುದು ಅವರದೇ ಹೆಸರು.